ಪಂಚಮಿಯಿಂದ ಇಲಿವಾರದವರೆಗೆ

ನಾಗರಪಂಚಮಿಗೆ ತವರಿಗೆ ಹೋಗಿದ್ದ ನಾನು ಗುಳೇದಗುಡ್ಡದಿಂದ ಬಾಗಲಕೋಟೆಯ ನವನಗರಕ್ಕೆ ಮರಳುವಾಗ, ಪ್ರತಿ ವರ್ಷದಂತೆ ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳುಂಡಿ ಮತ್ತು ಅಳ್ಳಿಟ್ಟನ್ನು ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ತಂದು ಅಡುಗೆಮನೆಯ ಕಟ್ಟೆಯ ಕೆಳಗೆ ಇಟ್ಟಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಮಗಳಿಗೆ ಉಂಡಿ ಕೊಡಲೆಂದು ಡಬ್ಬಿ ಎತ್ತಿದಾಗ ಮುಚ್ಚಳದ ಒಂದು ಮೂಲೆ ಕೊರೆದು ತೂತಾಗಿತ್ತು. ನೆಲದ ಮೇಲೆ ಪ್ಲಾಸ್ಟಿಕ್ಕಿನ ಹುಡಿ ಮತ್ತು ಕಪ್ಪು ಜೀರಿಗೆಯಂತಹ ಹಿಕ್ಕೆಗಳು ಬಿದ್ದಿದ್ದವು. ಅಂದಿನಿಂದ ಗಣೇಶ ಚೌತಿಯವರೆಗಿನ ಸುಮಾರು ಒಂದು ತಿಂಗಳನ್ನು ನಾವು ಇಲಿಯನ್ನು ಮನೆಯಿಂದ ಹೊರಗೆ ಕಳುಹಿಸುವ ಕೆಲಸದಲ್ಲಿಯೇ ಕಳೆದೆವು. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪು ಇಂದಿಗೂ ನನ್ನನ್ನು ಕಾಡುತ್ತದೆಯಾದ್ದರಿಂದ ಅದನ್ನೂ ಸೇರಿಸಿ ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬಂದದ್ದು ಯಾವ ಪ್ರಾಣಿ ಎಂಬುದನ್ನು ಮೊದಲು ತಿಳಿಯಬೇಕು. ಇಲಿ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಪ್ರಾಣಿಗಳನ್ನು ಸೇರಿಸಿಬಿಡುತ್ತೇವೆ. ಹಿಕ್ಕೆ ಒಂದು ಸೆಂಟಿಮೀಟರಿಗಿಂತ ಉದ್ದವಾಗಿದ್ದರೆ ಅದು ದೊಡ್ಡ ಇಲಿಯದ್ದೋ ಹೆಗ್ಗಣದ್ದೋ ಆಗಿರುತ್ತದೆ. ಅಕ್ಕಿಕಾಳಿಗಿಂತ ಚಿಕ್ಕದಾಗಿ, ತುದಿಗಳು ಚೂಪಾಗಿದ್ದರೆ ಅದು ಮನೆಯ ಸಣ್ಣಿಲಿ. ಇವೆರಡೂ ಅಲ್ಲದೆ, ಉದ್ದ ಮೂತಿಯ, ಘಾಟು ವಾಸನೆಯ, ಗೋಡೆಯಂಚಿನಲ್ಲಿ ಚಿಕ್‌ ಚಿಕ್‌ ಎನ್ನುತ್ತ ಓಡುವ ಸುಂಡಿಲಿಯೂ ಇದೆ. ಸುಂಡಿಲಿ ಇಲಿಗಳ ವಂಶಕ್ಕೆ ಸೇರಿದ್ದೇ ಅಲ್ಲ. ಅದು ಜಿರಲೆ ಮತ್ತು ಹುಳುಗಳನ್ನು ಹಿಡಿದು ತಿನ್ನುತ್ತದೆ, ಆದ್ದರಿಂದ ಅದಕ್ಕೆ ಹೆದರಿ ಪಾಷಾಣ ಇಡುವುದು ಉಪಕಾರ ಮಾಡುವವರನ್ನು ಕೊಂದಂತೆ. ನಮ್ಮ ಮನೆಯಲ್ಲಿದ್ದದ್ದು ಸಣ್ಣಿಲಿ ಎಂಬುದು ಹಿಕ್ಕೆಯಿಂದಲೂ ಉಂಡಿಯ ಮೇಲಿದ್ದ ಕಿರಿದಾದ ಜೋಡಿ ಹಲ್ಲಿನ ಗುರುತಿನಿಂದಲೂ ಸ್ಪಷ್ಟವಾಯಿತು.

ಒಂದು ಸಣ್ಣ ಇಲಿಗಾಗಿ ಇಷ್ಟು ಚಿಂತೆ ಏಕೆ ಎಂದು ನಮ್ಮ ಮನೆಯವರು ಕೇಳಿದರು. ಸಣ್ಣಿಲಿಯ ಗರ್ಭದ ಅವಧಿ 19ರಿಂದ 21 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಐದಾರು ಮರಿಗಳು, ಕೆಲವೊಮ್ಮೆ ಎಂಟೂ ಆಗುತ್ತವೆ. ಆ ಮರಿಗಳು ಆರೇಳು ವಾರಗಳಲ್ಲಿ ತಾವೇ ಮರಿ ಹಾಕುವಷ್ಟು ಬೆಳೆಯುತ್ತವೆ. ಪಂಚಮಿಯ ಹೊತ್ತಿಗೆ ಒಳಗೆ ಬಂದ ಒಂದು ಹೆಣ್ಣಿಲಿಯನ್ನು ಹಾಗೆಯೇ ಬಿಟ್ಟರೆ ಚೌತಿಯ ಹೊತ್ತಿಗೆ ಮನೆಯಲ್ಲಿ ಒಂದು ಸಂಸಾರವೇ ನೆಲೆಸಿರುತ್ತದೆ. ಅತ್ತೆಯವರು ಹೇಳಿದ ಕಾರಣ ಇನ್ನೂ ನೇರವಾಗಿತ್ತು: "ಇಲಿ ಬಂತಂದ್ರ ಅದರ ಬೆನ್ನ ಹತ್ತಿ ಹಾವೂ ಬರ್ತೈತಿ, ಲಗೂನ ಏನರ ಮಾಡವಾ." ನಮ್ಮ ಮನೆಯ ಹಿಂದಿನ ಖಾಲಿ ನಿವೇಶನದಲ್ಲಿ ಜಾಲಿಗಿಡಗಳೂ ಕಸವೂ ಬೆಳೆದು ನಿಂತಿವೆ, ನಾಗರಹಾವು ಮತ್ತು ಕೊಳಕುಮಂಡಲ ಎರಡಕ್ಕೂ ಇಲಿಯೇ ಮುಖ್ಯ ಆಹಾರಗಳಲ್ಲಿ ಒಂದು. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಬಂದ ನಾವು ಆ ಹಾವಿಗೆ ಮನೆಯೊಳಗೆ ಬರುವ ಕಾರಣವನ್ನು ಒದಗಿಸಬಾರದು ಎಂಬ ಅವರ ಮಾತು ನನಗೆ ಸರಿಯೆನಿಸಿತು.

ಎರಡನೆಯ ವಾರದಲ್ಲಿ ನನ್ನ ಮನಸ್ಸನ್ನು ನೋಯಿಸಿದ ಘಟನೆ ನಡೆಯಿತು. ನನ್ನ ಅಪ್ಪ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತಿದ್ದರು. ನನ್ನ ಮದುವೆಯ ವರ್ಷ ಅವರು ತಮ್ಮ ಕುಣಿಮಗ್ಗದ ಮೇಲೆ ನೇಯ್ದ ನಾಲ್ಕು ಖಣಗಳಲ್ಲಿ ಮೂರನ್ನು ನಾನು ಹೊಲಿಸಿಕೊಂಡಿದ್ದೆ. ಅಪ್ಪ ತೀರಿಕೊಂಡ ಮೇಲೆ ನಾಲ್ಕನೆಯದನ್ನು ಹೊಲಿಸಲು ಮನಸ್ಸಾಗದೆ, ರಟ್ಟಿನ ಪೆಟ್ಟಿಗೆಯೊಂದರಲ್ಲಿ ಮಡಿಚಿ ತಿಜೋರಿಯ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ. ತಿಜೋರಿಯ ಹಿಂದಿನ ತಗಡು ಒಂದು ಕಡೆ ತುಕ್ಕು ಹಿಡಿದು ಬಾಯಿ ಬಿಟ್ಟಿದ್ದದ್ದನ್ನು ನಾನು ಗಮನಿಸಿರಲಿಲ್ಲ. ಆ ಪೆಟ್ಟಿಗೆಯನ್ನು ತೆರೆದಾಗ ಖಣದ ಒಂದು ಮೂಲೆ ಅಂಗೈಯಷ್ಟು ಹರಿದುಹೋಗಿತ್ತು. ತಿಜೋರಿಯ ಹಿಂದೆ ಗೋಡೆಯ ಸಂದಿಯಲ್ಲಿ ಕಾಗದದ ಚೂರು, ಹತ್ತಿ ಮತ್ತು ಕೆಂಪು ರೇಷ್ಮೆಯ ಎಳೆಗಳನ್ನು ಸೇರಿಸಿ ಕಟ್ಟಿದ ಗೂಡೊಂದಿತ್ತು. ಗೂಡಿನಲ್ಲಿ ಮರಿಗಳಿರಲಿಲ್ಲ. ಇಲಿಗೆ ರೇಷ್ಮೆ ಆಹಾರವಲ್ಲ, ಮರಿಗಳಿಗೆ ಹಾಸಿಗೆ ಮಾಡಲು ಮೆತ್ತಗಿನ ನಾರು ಯಾವುದಾದರೂ ಅದಕ್ಕೆ ಸಾಕು ಎಂಬುದು ನನಗೆ ಗೊತ್ತಿತ್ತು. ಆದರೂ ಅಪ್ಪನ ಕೈ ಆಡಿದ ಹಾಸು ಹೊಕ್ಕಿನ ಎಳೆಗಳನ್ನು ಆ ಗೂಡಿನಿಂದ ಒಂದೊಂದಾಗಿ ಬಿಡಿಸುವಾಗ ನನಗೆ ಬಂದದ್ದು ದುಃಖ ಮಾತ್ರವಲ್ಲ, ಸಿಟ್ಟೂ ಹೌದು.

ಆ ಸಿಟ್ಟಿನಲ್ಲಿಯೇ ಅಂದು ಸಂಜೆ ಪೇಟೆಗೆ ಹೋಗಿ ಅಂಟು ಸವರಿದ ಇಲಿಹಲಗೆಯೊಂದನ್ನು ತಂದು ತಿಜೋರಿಯ ಹಿಂದೆ ಇಟ್ಟೆ. ರಾತ್ರಿ ಎರಡು ಗಂಟೆಯ ಸುಮಾರಿಗೆ ಕೀಚಲು ದನಿ ಕೇಳಿ ಎದ್ದು ನೋಡಿದರೆ, ಇಲಿಯ ನಾಲ್ಕು ಕಾಲುಗಳೂ ಹೊಟ್ಟೆಯ ಚರ್ಮವೂ ಅಂಟಿನಲ್ಲಿ ಸಿಕ್ಕಿಕೊಂಡಿದ್ದವು; ಬಿಡಿಸಿಕೊಳ್ಳಲು ಹೆಣಗಿದಷ್ಟೂ ಅದು ಇನ್ನಷ್ಟು ಅಂಟಿಕೊಳ್ಳುತ್ತಿತ್ತು, ಮತ್ತು ತನ್ನ ಕಾಲನ್ನು ತಾನೇ ಕಚ್ಚಲು ತೊಡಗಿತ್ತು. ಅಡುಗೆಯ ಎಣ್ಣೆ ಆ ಅಂಟನ್ನು ಸಡಿಲಿಸುತ್ತದೆ ಎಂದು ಓದಿದ್ದರಿಂದ ಶೇಂಗಾ ಎಣ್ಣೆಯನ್ನು ಹನಿಹನಿಯಾಗಿ ಹಾಕಿ, ಬಟ್ಟೆ ಸುತ್ತಿದ ಕೈಯಿಂದ ಅದನ್ನು ಬಿಡಿಸಿದೆ. ಬಿಡಿಸಿದ ಮೇಲೆಯೂ ಅದು ಬದುಕಲಿಲ್ಲ. ಬೆಳಗಾಗುವ ಮೊದಲೇ ಹಿತ್ತಲಿನಲ್ಲಿ ಸತ್ತಿತು. ನನ್ನ ಖಣವನ್ನು ಹರಿದ ಇಲಿ ಅದೇ ಆಗಿದ್ದರೂ ಅಂತಹ ಸಾವನ್ನು ನಾನು ಅದಕ್ಕೆ ಕೊಡಬಾರದಿತ್ತು. ಇಂತಹ ಅಂಟುಹಲಗೆಗಳ ಬಳಕೆಯನ್ನು ತಡೆಯುವಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ರಾಜ್ಯಗಳಿಗೆ ಸೂಚಿಸಿದೆ ಎಂಬುದನ್ನು ನಾನು ಆಮೇಲೆ ತಿಳಿದೆ. ಮರುದಿನ ಫೋನಿನಲ್ಲಿ ಅವ್ವನಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, "ಖಣ ಹ್ವಾದ್ರ ಹೋಗ್ಲಿ. ಅಂಟಿನ ಮ್ಯಾಲೆ ಜೀವ ಕೊಲ್ಲಬ್ಯಾಡವಾ. ಬೋನಿಟ್ಟು ಹಿಡದು ಹೊರಗ ಬಿಡು, ಕಂಡಿ ಮುಚ್ಚು" ಎಂದಳು. ನೇಕಾರರ ಮನೆಯಲ್ಲಿ ಐವತ್ತು ವರ್ಷ ಇಲಿಯನ್ನು ಎದುರಿಸಿದವಳ ಮಾತು ಅದು. ಗಂಜಿ ಹಚ್ಚಿದ ಹತ್ತಿ ನೂಲಿನ ವಾಸನೆಗೆ ಇಲಿ ಮಗ್ಗದ ಕುಣಿಗೆ ಇಳಿಯುತ್ತಿತ್ತು; ಒಂದು ರಾತ್ರಿಯಲ್ಲಿ ಅದು ಕಡಿದ ಎಳೆಗಳನ್ನು ಕೂಡಿಸಲು ಅಪ್ಪನಿಗೆ ಇಡೀ ದಿನ ಬೇಕಾಗುತ್ತಿತ್ತು, ಆ ದಿನದ ಕೂಲಿಯೂ ಅಷ್ಟರಮಟ್ಟಿಗೆ ಹೋಗುತ್ತಿತ್ತು.

ಪಾಷಾಣದ ಮಾತನ್ನು ಪಕ್ಕದ ಮನೆಯವರು ಎತ್ತಿದರು. ಅದಕ್ಕೆ ನಾನು ಒಪ್ಪಲಿಲ್ಲ, ಮತ್ತು ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಚಿಕ್ಕ ಮಕ್ಕಳಿರುವ ಮನೆಯೊಳಗೆ ಇಲಿ ಪಾಷಾಣ ಬರಲೇಬಾರದು. ಕಪ್ಪು ಪುಡಿಯ ರೂಪದಲ್ಲಿ ಸಿಗುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಉಂಟುಮಾಡುತ್ತದೆ. ಅದಕ್ಕೆ ಪ್ರತ್ಯೇಕವಾದ ಪ್ರತಿವಿಷವಿಲ್ಲ. ಹಳದಿ ರಂಜಕದ ಪೇಸ್ಟ್ ಇನ್ನೂ ಮೋಸಗಾರ. ಅದನ್ನು ತಿಂದವರಿಗೆ ಮೊದಲ ದಿನ ವಾಂತಿಯಾಗಿ, ಅನಂತರ ಗುಣವಾದಂತೆ ಕಂಡು, ಎರಡು ಮೂರು ದಿನಗಳಲ್ಲಿ ಯಕೃತ್ತು ಕೆಡುತ್ತದೆ. ಆದ್ದರಿಂದ ಮಗು ಅದನ್ನು ಬಾಯಿಗೆ ಹಾಕಿಕೊಂಡ ಸಂಶಯ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ, ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಬೇಕು. ಬ್ರೊಮಾಡಿಯೊಲೋನ್ ಎಂಬ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಅಲೆದಾಡಿ, ಕೈಗೆಟುಕದ ಸಂದಿಯಲ್ಲಿ ಸತ್ತು ವಾರಗಟ್ಟಲೆ ನಾರುತ್ತದೆ. ಆ ಇಲಿಯನ್ನು ತಿಂದ ಬೆಕ್ಕಿಗೂ ಗೂಗೆಗೂ ಅದೇ ವಿಷ ಏರುತ್ತದೆ. ಹಿಂದಿನ ನಿವೇಶನದಲ್ಲಿ ನಮಗೆ ಒಂದು ಮಾತೂ ಹೇಳದೆ ರಾತ್ರಿಯೆಲ್ಲ ಇಲಿ ಹಿಡಿಯುವ ಗೂಗೆಯನ್ನು ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಮಿಣುಕುವ ದೀಪದ, ಕಿವಿಗೆ ಕೇಳದ ಶಬ್ದ ಹೊರಡಿಸುವ ಯಂತ್ರಗಳನ್ನೂ ಒಬ್ಬರು ತಂದುಕೊಟ್ಟರು. ಆ ಶಬ್ದ ಕಪಾಟು ಮತ್ತು ಗೋಡೆಗಳನ್ನು ದಾಟುವುದಿಲ್ಲ, ಇಲಿಗೂ ಕೆಲವೇ ದಿನಗಳಲ್ಲಿ ಅದು ರೂಢಿಯಾಗುತ್ತದೆ. ನಮ್ಮ ಮನೆಯಲ್ಲಿ ಇಲಿ ಆ ಯಂತ್ರದ ಕೆಳಗಿನಿಂದಲೇ ಹಾದುಹೋಗುತ್ತಿತ್ತು.

ಉಳಿದದ್ದು ತಂತಿಯ ಬೋನು. ಹೊಸ ವಸ್ತುವನ್ನು ಕಂಡರೆ ದೊಡ್ಡ ಇಲಿ ದಿನಗಟ್ಟಲೆ ಹತ್ತಿರ ಸುಳಿಯುವುದಿಲ್ಲ. ಸಣ್ಣಿಲಿ ಹಾಗಲ್ಲ, ಅದು ಹೊಸದನ್ನು ಮೂಸಿ ನೋಡಲು ತಾನಾಗಿಯೇ ಬರುತ್ತದೆ, ಹೀಗಾಗಿ ಬೋನು ಮೊದಲ ಎರಡು ಮೂರು ರಾತ್ರಿಗಳಲ್ಲಿಯೇ ಹೆಚ್ಚು ಫಲ ಕೊಡುತ್ತದೆ. ಸಣ್ಣಿಲಿಯ ಕಣ್ಣು ಅಷ್ಟು ಚುರುಕಲ್ಲ. ಮೀಸೆಯನ್ನು ಗೋಡೆಗೆ ತಾಗಿಸಿಕೊಂಡೇ ಅದು ಓಡಾಡುತ್ತದೆ, ಗೂಡಿನಿಂದ ಸಾಮಾನ್ಯವಾಗಿ ಹತ್ತು ಮೀಟರಿನಾಚೆ ಹೋಗುವುದಿಲ್ಲ. ಆದ್ದರಿಂದ ಕೋಣೆಯ ನಡುವೆ ಇಟ್ಟ ಬೋನು ವ್ಯರ್ಥ. ಗೋಡೆಗೆ ಒತ್ತಿ, ಹಿಕ್ಕೆ ಕಂಡ ದಾರಿಯಲ್ಲಿಯೇ ಇಡಬೇಕು. ಎಲ್ಲರೂ ಭಜಿಯನ್ನೋ ಒಣಕೊಬ್ಬರಿಯನ್ನೋ ಸಿಕ್ಕಿಸುತ್ತಾರೆ. ನಮ್ಮ ಇಲಿಗೆ ಏನು ಇಷ್ಟ ಎಂಬುದು ಮೊದಲೇ ತಿಳಿದಿತ್ತಾದ್ದರಿಂದ ನಾನು ಪಂಚಮಿಯ ಶೇಂಗಾ ಉಂಡಿಯ ಚೂರನ್ನು, ಅದು ಸುಲಭವಾಗಿ ಕಿತ್ತೊಯ್ಯದಂತೆ ದಾರದಿಂದ ಕೊಂಡಿಗೆ ಬಿಗಿದು ಇಟ್ಟೆ. ಮೊದಲ ರಾತ್ರಿಯೇ ಒಂದು ಸಿಕ್ಕಿತು, ಮೂರನೆಯ ರಾತ್ರಿ ಇನ್ನೊಂದು, ಆರನೆಯ ರಾತ್ರಿ ಮತ್ತೊಂದು. ಸಿಕ್ಕ ಇಲಿಯನ್ನು ಬಿಸಿಲೇರುವವರೆಗೆ ಬೋನಿನಲ್ಲಿ ಬಿಡಬಾರದು. ಹೆದರಿಕೆಗೂ ಬಿಸಿಲಿಗೂ ಅದು ಬೇಗನೆ ಸಾಯುತ್ತದೆ. ಬೋನಿನ ಮೇಲೆ ಬಟ್ಟೆ ಹೊದಿಸಿ, ನಮ್ಮ ಮನೆಯವರು ಬೆಳಗಿನ ಜಾವವೇ ಅದನ್ನು ಊರಾಚೆ ಒಯ್ಯುತ್ತಿದ್ದರು. ಎಲ್ಲಿ ಬಿಡುವುದು ಎಂಬುದೂ ಯೋಚಿಸಬೇಕಾದ ಮಾತೇ. ಹಿತ್ತಲಿನಲ್ಲಿ ಬಿಟ್ಟರೆ ಅದು ಮರಳಿ ಬರುತ್ತದೆ. ಮತ್ತೊಬ್ಬರ ಹೊಲದಲ್ಲಿ ಬಿಟ್ಟರೆ ನಮ್ಮ ತೊಂದರೆಯನ್ನು ರೈತನ ತಲೆಗೆ ಕಟ್ಟಿದಂತಾಗುತ್ತದೆ. ಹೊಲವೂ ಮನೆಯೂ ಇಲ್ಲದ, ಕಲ್ಲು ಮತ್ತು ಕುರುಚಲು ಗಿಡಗಳ ಬೀಳಿನಲ್ಲಿ ಅವನ್ನು ಬಿಟ್ಟೆವು. ಅವುಗಳಲ್ಲಿ ಕೆಲವು ಗೂಗೆಗೋ ಹಾವಿಗೋ ಆಹಾರವಾಗಿರಬಹುದು. ಓಡಲು ಕಾಲುಗಳು ಸ್ವತಂತ್ರವಾಗಿರುವ ಆ ಸಾವು ಅಂಟುಹಲಗೆಯ ಸಾವಲ್ಲ.

ಆದರೆ ಬೋನು ಅರ್ಧ ಕೆಲಸ ಮಾತ್ರ, ಅರ್ಧಕ್ಕಿಂತಲೂ ಕಡಿಮೆ ಎನ್ನಬೇಕು. ಒಳಗಿದ್ದ ಮೂರನ್ನು ಹಿಡಿದು ಬಿಡುವಷ್ಟರಲ್ಲಿ ಹೊರಗಿನ ಮೂರು ಬರುವುದಾದರೆ ಆ ಕೆಲಸಕ್ಕೆ ಕೊನೆಯೇ ಇರುವುದಿಲ್ಲ. ಅವ್ವ ಹೇಳಿದ "ಕಂಡಿ ಮುಚ್ಚು" ಎಂಬ ಮಾತಿನ ತೂಕ ನನಗೆ ತಿಳಿದದ್ದು ಆಗ. ಪೆನ್ಸಿಲ್ ತೂರುವಷ್ಟು ತೂತು, ಅಂದರೆ ಸುಮಾರು 6 ಮಿಲಿಮೀಟರ್ ಸಂದಿಯಿದ್ದರೂ ಸಣ್ಣಿಲಿಯ ತಲೆ ಹಿಡಿಸುತ್ತದೆ. ತಲೆ ಹಿಡಿಸಿದಲ್ಲಿ ಮೈಯನ್ನು ಚಪ್ಪಟೆ ಮಾಡಿಕೊಂಡು ಅದು ಒಳಗೆ ಬರುತ್ತದೆ. ಕೈಯಲ್ಲಿ ಪೆನ್ಸಿಲ್ ಹಿಡಿದು ಮನೆಯನ್ನು ಒಂದು ಸುತ್ತು ಹಾಕಿದರೆ, ಹತ್ತು ವರ್ಷ ನಾವು ನೋಡಿಯೂ ನೋಡದ ಬಾಗಿಲುಗಳು ಒಂದೊಂದಾಗಿ ಕಾಣತೊಡಗುತ್ತವೆ. ಸಿಂಕಿನ ಕೊಳವೆ ಗೋಡೆಯನ್ನು ದಾಟುವಲ್ಲಿ ಎರಡು ಬೆರಳು ತೂರುವಷ್ಟು ಜಾಗವಿತ್ತು; ಕಟ್ಟುವಾಗ ಕೊಳವೆ ಕೂಡಿಸಿದವರು ಅದರ ಸುತ್ತ ಮುಚ್ಚಿರಲೇ ಇಲ್ಲ. ಹೊರಗಿಟ್ಟ ಸಿಲಿಂಡರಿನಿಂದ ಒಳಗೆ ಬರುವ ಗ್ಯಾಸಿನ ನಳಿಕೆಯ ಸುತ್ತಲೂ ಹಾಗೆಯೇ ಇತ್ತು. ಹಿತ್ತಿಲ ಬಾಗಿಲಿನ ಅಡಿಯ ಕಟ್ಟಿಗೆ ಮಳೆಗೆ ಕೊಳೆತು ಒಂದು ಮೂಲೆಯಲ್ಲಿ ಬೆರಳಗಲ ಸಂದಿ ಬಿಟ್ಟಿತ್ತು. ಬಚ್ಚಲ ಮೋರಿಯ ಜಾಳಿಗೆಯ ಒಂದು ಸರಳು ಮುರಿದಿತ್ತು. ಟಿವಿಯ ಕೇಬಲ್ಲಿಗಾಗಿ ಕೊರೆದ ತೂತಿನಲ್ಲಿ, ಕೇಬಲ್ ತೆಗೆದು ಮೂರು ವರ್ಷವಾಗಿದ್ದರೂ, ಈಗಲೂ ಗಾಳಿ ಆಡುತ್ತಿತ್ತು. ಹಗಲಲ್ಲಿ ಕಾಣದ್ದನ್ನು ರಾತ್ರಿ ಹುಡುಕಿದೆವು: ಒಳಗೆ ದೀಪವಾರಿಸಿ ನಾನೂ ಮಗಳೂ ನೆಲದ ಮೇಲೆ ಕುಳಿತು ನೋಡುತ್ತಿದ್ದಂತೆ, ಹೊರಗಿನಿಂದ ನಮ್ಮ ಮನೆಯವರು ಗೋಡೆಯ ಬುಡದುದ್ದಕ್ಕೂ ಟಾರ್ಚ್ ಬಿಡುತ್ತ ನಡೆದರು. ಬೆಳಕು ಒಳಗೆ ಬಂದಲ್ಲೆಲ್ಲ ಮಗಳು ಸೀಮೆಸುಣ್ಣದಿಂದ ಗುರುತು ಹಾಕಿದಳು. ಒಟ್ಟು ಒಂಬತ್ತು ಗುರುತುಗಳಾದವು.

ಇವನ್ನು ಬಟ್ಟೆ ತುರುಕಿಯೋ ಥರ್ಮಾಕೋಲ್ ತುಂಬಿಯೋ ಮುಚ್ಚಿದರೆ ಪ್ರಯೋಜನವಿಲ್ಲ. ಇಲಿಯ ಮುಂಬಾಚಿ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ, ಸವೆಸಲು ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಕಟ್ಟಿಗೆ, ಪ್ಲಾಸ್ಟಿಕ್, ಫೋಮ್ ಯಾವುದೂ ಅದರ ಮುಂದೆ ನಿಲ್ಲುವುದಿಲ್ಲ. ನಮ್ಮ ಫ್ರಿಜ್ಜಿನ ವಾಯರಿನ ಮೇಲ್ಪದರವನ್ನೂ ಅದು ತಾಮ್ರ ಕಾಣುವಷ್ಟು ಕಡಿದಿತ್ತು. ಕಂಪ್ರೆಸರಿನ ಬಳಿಯ ಬೆಚ್ಚಗಿನ ಜಾಗ ಇಲಿಗೆ ಬಹಳ ಪ್ರಿಯವಾದ್ದರಿಂದ ಇಲಿ ಬಂದ ಮನೆಯವರು ಫ್ರಿಜ್ಜನ್ನು ಸರಿಸಿ ಹಿಂದಿನ ವಾಯರನ್ನು ತಪ್ಪದೆ ನೋಡಬೇಕು. ಚಿಕ್ಕ ತೂತುಗಳಲ್ಲಿ ಪಾತ್ರೆ ತಿಕ್ಕುವ ಸ್ಟೀಲಿನ ತಂತಿಯುಂಡೆಯನ್ನು ಬಿಗಿಯಾಗಿ ತುಂಬಿ ಮೇಲೆ ಸಿಮೆಂಟ್ ಮೆತ್ತಿದೆವು. ದೊಡ್ಡವುಗಳಿಗೆ ಗೌಂಡಿಯನ್ನು ಕರೆಸಿದೆವು. ವಯಸ್ಸಾದ ಆ ಗೌಂಡಿ, "ಅಕ್ಕಾರ, ಒಂದೆರಡು ಒಡದ ಗಾಜಿನ ಬಾಟ್ಲಿ ಕೊಡ್ರಿ" ಎಂದು ಕೇಳಿ ಪಡೆದು, ಗಾಜನ್ನು ಜಜ್ಜಿ ಗಾರೆಯಲ್ಲಿ ಕಲಸಿ ತುಂಬಿದನು. ಹಳೆಯ ಮನೆಗಳಲ್ಲಿ ಬಿಲ ಮುಚ್ಚುತ್ತಿದ್ದ ರೀತಿಯೇ ಅದು. ಬಾಗಿಲಿನಡಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆಸಿದೆವು, ಮೋರಿಗೆ ಹೊಸ ಜಾಳಿಗೆ ಹಾಕಿಸಿದೆವು. ಎರಡು ದಿನಗಳ ಕೆಲಸವಾಯಿತು. ಈ ಕೆಲಸ ನಡೆಯುವಾಗ ಒಳಗೆ ಬೋನು ಇದ್ದೇ ಇರಬೇಕು. ಇಲ್ಲವಾದರೆ ಒಳಗೆ ಉಳಿದ ಇಲಿ ಹೊರಬರಲಾರದೆ ಮನೆಯನ್ನೇ ಕಡಿಯತೊಡಗುತ್ತದೆ.

ಹಳೆಯ ಮನೆಯ ಮಾತು ಬಂದಾಗಲೆಲ್ಲ ಅತ್ತೆಯವರು ಹಳೇ ಬಾಗಲಕೋಟೆಯ ತಮ್ಮ ಮನೆಯನ್ನು ನೆನೆಯುತ್ತಾರೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಆ ಓಣಿ ಮುಳುಗಡೆಯಾದ ಮೇಲೆ ನವನಗರಕ್ಕೆ ಬಂದವರು ಅವರು. ಮಣ್ಣಿನ ಮಾಳಿಗೆಯ, ಜಂತಿಗಳ ಆ ಮನೆಯಲ್ಲಿ ಇಲಿ ಇದ್ದೇ ಇತ್ತು, ಅದಕ್ಕೆ ತಕ್ಕ ರೂಢಿಗಳೂ ಇದ್ದವು. ರೊಟ್ಟಿಯ ಬುಟ್ಟಿಯನ್ನೂ ಬೆಣ್ಣೆಯ ಗಡಿಗೆಯನ್ನೂ ಜಂತಿಯಿಂದ ಇಳಿಬಿಟ್ಟ ನೆಲವಿನಲ್ಲಿ ಇಡುತ್ತಿದ್ದರು. ಅವರ ತವರೂರಿನಲ್ಲಿ ವರ್ಷದ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ಹಾಕಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಉಸಿರಾಡುವ ಗಾಳಿಯೇ ಉಳಿಯದ ಕಾರಣ ಇಲಿಯಾಗಲಿ ಹುಳುವಾಗಲಿ ಬದುಕುತ್ತಿರಲಿಲ್ಲ, ತೆಗೆದ ದಿನ ಮನುಷ್ಯರೂ ಕೂಡಲೇ ಇಳಿಯುವಂತಿರಲಿಲ್ಲ. ಸಿಮೆಂಟಿನ ಮನೆಗೆ ಬಂದ ಮೇಲೆ ಇಲಿ ಬರುವುದಿಲ್ಲವೆಂಬ ನಂಬಿಕೆಯಲ್ಲಿ ನಾವು ಆ ರೂಢಿಗಳನ್ನು ಬಿಟ್ಟೆವು. ಜೋಳದ ಗೋಣಿಚೀಲಗಳನ್ನು ಗೋಡೆಗೆ ಆನಿಸಿ ನೆಲದ ಮೇಲೆಯೇ ಒಟ್ಟಿದ್ದೆವು, ಕಡಕ್ ರೊಟ್ಟಿಯ ಬುಟ್ಟಿಗೆ ಬರಿಯ ಬಟ್ಟೆ ಮುಚ್ಚಿದ್ದೆವು.

ಸಣ್ಣಿಲಿಗೆ ದಿನಕ್ಕೆ ಬೇಕಾದದ್ದು ಸುಮಾರು 3 ಗ್ರಾಂ ಆಹಾರ. ನೀರನ್ನು ಅದು ಬಹುಮಟ್ಟಿಗೆ ತಿನ್ನುವ ಆಹಾರದಿಂದಲೇ ಪಡೆಯಬಲ್ಲದು. ರೊಟ್ಟಿಯ ಒಂದು ತುಣುಕು ಕಟ್ಟೆಯಡಿ ಬಿದ್ದಿದ್ದರೆ ಅದರ ಒಂದು ದಿನ ಕಳೆದಂತೆ. ಜೋಳವನ್ನು ತಗಡಿನ ಡ್ರಮ್ಮುಗಳಿಗೆ ಸುರುವಿದೆವು, ಉಳಿದ ಎರಡು ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಟ್ಟೆವು. ರೊಟ್ಟಿ, ಉಂಡಿ, ಶೇಂಗಾ ಹಿಂಡಿ ಎಲ್ಲವೂ ಸ್ಟೀಲಿನ ಡಬ್ಬಿಗಳಿಗೆ ಹೋದವು.

ಹಿಕ್ಕೆ ತೆಗೆಯುವಾಗ ಎಲ್ಲರೂ ಕಸಬರಿಗೆಯಿಂದ ಒಣಗಿದ್ದಂತೆಯೇ ಗುಡಿಸುತ್ತಾರೆ, ನಾನೂ ಮೊದಲ ದಿನ ಹಾಗೆಯೇ ಮಾಡಿದೆ. ಅದು ಸರಿಯಲ್ಲ, ಒಣ ಹಿಕ್ಕೆಯ ಧೂಳು ಉಸಿರಿನೊಳಗೆ ಹೋಗುತ್ತದೆ. ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಮೊದಲು ಅದರ ಮೇಲೆ ಚಿಮುಕಿಸಿ, ಐದು ಹತ್ತು ನಿಮಿಷ ನೆನೆಯಲು ಬಿಟ್ಟು, ಕೈಗವಸು ಹಾಕಿಕೊಂಡು ಕಾಗದದಿಂದ ಒರೆಸಿ ತೆಗೆಯಬೇಕು. ಮಳೆಗಾಲದಲ್ಲಿ ಹರಡುವ ಇಲಿಜ್ವರ ಮುಖ್ಯವಾಗಿ ಇಲಿಗಳ ಮೂತ್ರದಿಂದ ಬರುವುದರಿಂದ, ಕಾಲಿನಲ್ಲಿ ಬಿರುಕೋ ಗಾಯವೋ ಇರುವವರು ಬರಿಗಾಲಿನಲ್ಲಿ ಈ ಕೆಲಸಕ್ಕೆ ಇಳಿಯಬಾರದು. ಅತ್ತೆಯವರ ಹಿಮ್ಮಡಿ ಸದಾ ಒಡೆದಿರುತ್ತದೆಯಾದ್ದರಿಂದ ಆ ಕೋಣೆಗೆ ಅವರನ್ನು ಎರಡು ದಿನ ಬಿಡಲಿಲ್ಲ.

ಇಲಿ ನಿಜವಾಗಿಯೂ ಹೋಯಿತೇ ಎಂಬುದನ್ನು ಕಿವಿಯಿಂದ ತಿಳಿಯಲಾಗುವುದಿಲ್ಲ. ಒಮ್ಮೆ ಇಲಿ ಬಂದ ಮನೆಯಲ್ಲಿ ಪ್ರತಿಯೊಂದು ಸಪ್ಪಳವೂ ಇಲಿಯದ್ದಾಗಿಯೇ ಕೇಳುತ್ತದೆ. ಮಲಗುವ ಮೊದಲು ಗೋಡೆಯಂಚಿನುದ್ದಕ್ಕೂ ತೆಳುವಾಗಿ ರಂಗೋಲಿಯ ಪುಡಿ ಉದುರಿಸತೊಡಗಿದೆವು. ಮೊದಲ ಬೆಳಿಗ್ಗೆ ಅದರ ಮೇಲೆ ಹೆಜ್ಜೆಗಳು ಸ್ಪಷ್ಟವಾಗಿ ಮೂಡಿದ್ದವು: ಮುಂಗಾಲಿನ ನಾಲ್ಕು ಬೆರಳು, ಹಿಂಗಾಲಿನ ಐದು ಬೆರಳು, ನಡುವೆ ಬಾಲ ಎಳೆದ ಗೆರೆ. ಆ ಹೆಜ್ಜೆಗಳೇ ನಮಗೆ ತಿಜೋರಿಯಿಂದ ಫ್ರಿಜ್ಜಿನವರೆಗಿನ ದಾರಿಯನ್ನು ತೋರಿಸಿದವು, ಮೂರನೆಯ ಇಲಿ ಸಿಕ್ಕದ್ದು ಆ ದಾರಿಯಲ್ಲಿಯೇ. ಅದಾದ ಮೇಲೆ ಒಂಬತ್ತು ರಾತ್ರಿ ಪುಡಿ ಹಾಕಿದ್ದು ಹಾಕಿದಂತೆಯೇ ಇತ್ತು.

ಚೌತಿಗೆ ಅವ್ವ ಬಂದಳು. ಚೌತಿಯ ಮರುದಿನವನ್ನು ನಮ್ಮ ಕಡೆ ಇಲಿವಾರ ಎನ್ನುತ್ತಾರೆ. ಆ ದಿನ ನಮ್ಮ ಮನೆಯಲ್ಲಿ ಅಪ್ಪ ಮಗ್ಗ ನಿಲ್ಲಿಸುತ್ತಿದ್ದರು. ನೂಲು ಕಡಿಯಬೇಡವೆಂದು ಬೇಡಿಕೊಂಡು, ಗಣಪತಿಯ ವಾಹನಕ್ಕೆ ಕಡುಬಿನ ಎಡೆಯನ್ನು ಮಗ್ಗದ ಮುಂದೆ ಇಡುತ್ತಿದ್ದರು. ಇಲ್ಲಿ ಮಗ್ಗವಿಲ್ಲ. ಅವ್ವ ಒಂದು ಕಡುಬನ್ನು ಎಲೆಯಲ್ಲಿಟ್ಟು ಹಿತ್ತಲಿನ ಕಾಂಪೌಂಡಿನ ಹೊರಗೆ, ಜಾಲಿಗಿಡದ ಬುಡದಲ್ಲಿ ಇಟ್ಟು ಬಂದಳು. ಬರುವಾಗ ಗೌಂಡಿ ಮುಚ್ಚಿದ ಸಿಂಕಿನ ಕೊಳವೆಯ ಸುತ್ತ ಹೆಬ್ಬೆರಳು ಒತ್ತಿ ನೋಡಿದಳು. ಆಮೇಲೆ ಒಳಗೆ ಕುಳಿತು ಹರಿದ ಖಣವನ್ನು ತೊಡೆಯ ಮೇಲೆ ಹಾಸಿ, ಗೇಣಿನಿಂದ ಉದ್ದಗಲ ಅಳೆದು, ಇಲಿ ಕಡಿದ ಮೂಲೆಯನ್ನು ಒಳಕ್ಕೆ ಮಡಿಚಿದಳು. "ಇಷ್ಟು ಕಂಕುಳದ ಕತ್ತರಿಯಾಗ ಹೋಗತೈತಿ. ಇನ್ನ ಪೆಟ್ಟಿಗ್ಯಾಗ ಇಡಬ್ಯಾಡ, ಹೊಲಿಸ್ಕೋ" ಎಂದಳು. ಮರುವಾರ ಅದನ್ನು ಹೊಲಿಯಲು ಕೊಟ್ಟು ಬಂದೆ.